ಜಲಲೇಖಿ ಎಳೆದ ಮೂರನೆಯ ಗೆರೆ

ಗಂಗೊಳ್ಳಿಯಿಂದ ಹದಿನಾಲ್ಕು ಕಿಲೋಮೀಟರ್ ಆಚೆ, ಸಮುದ್ರದಲ್ಲಿ ಜಲಲೇಖಿ ಯಂತ್ರದ ಕೊಳವೆ ಹನ್ನೆರಡನೆಯ ಸಲ ನೀರಿಗಿಳಿದು ಮೇಲೆ ಬಂತು. ಪರದೆಯ ಮೇಲೆ ಮೊದಲು ಒಂದು ಹಸಿರು ಗೆರೆ, ಆಮೇಲೆ ಅದನ್ನು ಅಡ್ಡ ಕತ್ತರಿಸಿದ ಒಂದು ದಪ್ಪ ಕೆಂಪು ಗೆರೆ ಮೂಡಿತು.

"ಹಸಿರು ನಿಮ್ಮ ತಮ್ಮನ ದೋಣಿ. ಕೆಂಪು, ನೀವು ದೂರು ಕೊಟ್ಟ ಆ ಸರಕು ಹಡಗು" ಎಂದರು ಡಾ. ಮೇಧಾ ಉಡುಪ.

"ನಾ ಹೇಳ್ಲಿಲ್ಯಾ ಮೇಡಮ್ರೆ? ಕೊಂದದ್ದ್ ಅವ್ರೇ!" ಪ್ರತೀಕ ಮೊಗವೀರರು ದೋಣಿಯ ಅಂಚಿಗೆ ಗುದ್ದಿದರು. ಅವರಿಗೆ ಐವತ್ತೆಂಟು. ಮೂವತ್ತು ವರ್ಷದಿಂದ ತಾಂಡೇಲರು, ಅಂದರೆ ದೋಣಿ ನಡೆಸುವವರು. ತಮ್ಮ ರಜತ ಸತ್ತು ನಾಲ್ಕು ದಿನವಾಗಿತ್ತು.

ಜಲಲೇಖಿ ಮೇಧಾ ಅವರದೇ ಆವಿಷ್ಕಾರ. 2058ರ ಕಾನೂನಿನಂತೆ ಪ್ರತಿ ಹಡಗು, ಪ್ರತಿ ದೋಣಿಯ ತಳದ ಬಣ್ಣದಲ್ಲಿ ಅದಕ್ಕೇ ಮೀಸಲಾದ ಗುರುತಿನ ಕಣಗಳನ್ನು ಬೆರೆಸಬೇಕು. ಸಾಗುವಾಗ ಆ ಕಣಗಳು ಉದುರಿ ಒಂಬತ್ತು ದಿನ ನೀರಿನಲ್ಲಿರುತ್ತವೆ. ಯಂತ್ರ ಅವನ್ನು ಹಿಡಿದು, ಸೆಳವಿನ ಲೆಕ್ಕ ಹಾಕಿ, ಯಾರು ಯಾವ ಹೊತ್ತಿಗೆ ಯಾವ ಕಡೆ ಹೋದರೆಂದು ಹೇಳುತ್ತದೆ.

ಇಂಥದ್ದೊಂದು ಬೇಕೇ ಬೇಕಿತ್ತು. ಈ ಹಡಗುಗಳ ಸಂಸಾರವೇ ಹಾಗೆ. ಯಜಮಾನ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು, ಕ್ಯಾಪ್ಟನ್ ಮೂರನೆಯ ದೇಶದವನು. ತಪ್ಪು ಮಾತ್ರ ಯಾವ ದೇಶದ್ದೂ ಅಲ್ಲ. ಈ ಕ್ಯಾಪ್ಟನ್ನನೂ ತಾನು ಆ ಬೆಳಿಗ್ಗೆ ಒಂಬತ್ತು ಮೈಲಿ ದೂರದಲ್ಲಿದ್ದೆನೆಂದು ನಾಚಿಕೆಯಿಲ್ಲದೆ ಬರೆದುಕೊಟ್ಟಿದ್ದ. ಕೆಂಪು ಗೆರೆ ಬೇರೆಯೇ ಹೇಳುತ್ತಿತ್ತು. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಡಿಕ್ಕಿ. ಸ್ವಲ್ಪ ಮುಂದೆ ಹೋಗಿ ಹಡಗು ನಿಂತಿದೆ, ಹನ್ನೊಂದು ನಿಮಿಷ. ಆಮೇಲೆ ಪೂರ್ತಿ ವೇಗದಲ್ಲಿ ಓಟ. ನೀರಿಗೆ ಬಿದ್ದವನನ್ನು ಎತ್ತದೆ ಹೋಗುವುದು ಸಮುದ್ರದ ಕಾನೂನಿನಲ್ಲಿ ದೊಡ್ಡ ಅಪರಾಧ. ರಜತ ಒಂದು ಪ್ಲಾಸ್ಟಿಕ್ ಕ್ಯಾನ್ ತಬ್ಬಿಕೊಂಡು ಎರಡು ಗಂಟೆಯಾದರೂ ಬದುಕಿದ್ದನೆಂದು ಹೆಣ ನೋಡಿದ ವೈದ್ಯರು ಹೇಳಿದ್ದರು.

ಆಗ ಪರದೆಯ ಮೇಲೆ ಮೂರನೆಯ ಗೆರೆ ಮೂಡಿತು. ನೀಲಿ. ಒಂಬತ್ತು ಐವತ್ತಕ್ಕೆ ಅದು ಡಿಕ್ಕಿಯಾದ ಜಾಗದತ್ತ ನೇರ ಬಂದು, ನಾನೂರು ಮೀಟರ್ ಇರುವಾಗ ಥಟ್ಟನೆ ಎಡಕ್ಕೆ ಬಾಗಿ ಹೊರಟುಹೋಗಿತ್ತು.

"ಇದ್ಯಾರ್ದ್?" ಎಂದರು ಪ್ರತೀಕ.

ಮೇಧಾ ಗುರುತಿನ ಸಂಖ್ಯೆಯನ್ನು ಎರಡು ಸಲ ಓದಿದರು. "ನಿಮ್ಮದೇ ದೋಣಿ, ಪ್ರತೀಕರೇ."

ಗಂಗೊಳ್ಳಿಯಲ್ಲೊಂದು ಮರ್ಯಾದೆಯಿದೆ. ಮೀನಿನ ಹಿಂಡು ಕಂಡವನು, ಬೇರೆಯವರು ಬಂದು ಮುತ್ತದಿರಲೆಂದು ತನ್ನ ದೋಣಿಯ ಜಾಗ ತೋರಿಸುವ ಸಿಗ್ನಲ್ ಪೆಟ್ಟಿಗೆ ಆರಿಸುತ್ತಾನೆ. ಸಿಗ್ನಲ್ ಆರಿದ ದೋಣಿಯ ಹತ್ತಿರ ಮಾನವಂತರು ಹೋಗುವುದಿಲ್ಲ. ಕಾನೂನು ಅದನ್ನು ನಿಷೇಧಿಸಿ ಎಷ್ಟೋ ವರ್ಷವಾಗಿತ್ತು, ಕೇಳಿದವರು ಯಾರು?

"ಹತ್ರ ಬಂದ್ ಕಾಂತೆ, ಅವ್ನ್ ಸಿಗ್ನಲ್ ಆರಿತ್" ಎಂದರು ಪ್ರತೀಕ. "ಮಳಿ ಮಬ್ಬ್, ಎಂತದೂ ಕಾಂತಿರ್ಲಿಲ್ಲೆ. ಹಡಗ್ ಬಡ್ದ್ ಆರಿದ್ದಂದ್ ಗೊತ್ತಾಯ್ಲಿಲ್ಲೆ. ತಮ್ಮಂಗೆ ಮೀನ್ ಸಿಕ್ಕಿತ್, ಹತ್ರ ಹೋಪುಕಾಗ ಅಂದ್ಕಂಡ್ ತಿರ್ಗ್ಸಿದೆ. ನೆಗ್ಯಾಡ್ಕಂಡೇ ತಿರ್ಗ್ಸಿದೆ." ಆಮೇಲೆ ಅವರ ದನಿ ಗಡುಸಾಯಿತು. "ಅದನ್ನ್ ಅಳ್ಸಿ."

"ಆಗುವುದಿಲ್ಲ. ಒಂದು ಗೆರೆ ಅಳಿಸಿದರೆ ನ್ಯಾಯಮಂಡಳಿ ಇಡೀ ವರದಿಯನ್ನೇ ಮುಟ್ಟುವುದಿಲ್ಲ. ಹಡಗಿನ ಗೆರೆಯೂ ಹೋಗುತ್ತದೆ."

"ನಿಮ್ಮ ಯಂತ್ರಕ್ಕೆ ಬೆಂಕಿ ಹಾಕ! ಅವ್ನ್ ಹೆಂಡ್ತಿ ಮುಖ ನಾ ಹ್ಯಾಂಗ್ ಕಾಂಬುದ್?"

ಮೇಧಾಗೆ ಸಿಟ್ಟು ಬಂತು. ಯಾರ ಮೇಲೆಂದು ಅವರಿಗೇ ತಿಳಿಯಲಿಲ್ಲ. "ದೂರು ಕೊಟ್ಟವರು ನೀವು. ಈಗಲೇ ಹಿಂದೆ ತೆಗೆದುಕೊಳ್ಳಬಹುದು. ಆದರೆ ಆ ಕ್ಯಾಪ್ಟನ್ ನಗುತ್ತಾ ಮನೆಗೆ ಹೋಗುತ್ತಾನೆ."

ಪ್ರತೀಕ ದೋಣಿಯನ್ನು ದಡದತ್ತ ತಿರುಗಿಸಿದರು. ಇಳಿಯುವಾಗ, "ಪೂರ್ತಿ ಕೊಡಿ" ಎಂದು ಮುಖ ತಿರುಗಿಸಿ ನಡೆದರು.

ಮಂಗಳೂರಿನ ವಿಚಾರಣೆಯಲ್ಲಿ ಹಡಗಿನ ವಕೀಲ ಹದ್ದಿನಂತೆ ನೀಲಿ ಗೆರೆಯ ಮೇಲೆ ಎರಗಿದ. "ಸ್ವಂತ ಅಣ್ಣನೇ ತಿರುಗಿ ಹೋಗಿದ್ದಾನೆ ಮಾನ್ಯರೇ. ನಮ್ಮ ಕಕ್ಷಿದಾರರನ್ನು ಮಾತ್ರ ದೂರುವುದು ಯಾವ ನ್ಯಾಯ?"

ನ್ಯಾಯಾಧೀಶೆ ಒಪ್ಪಲಿಲ್ಲ. "ತಿಳಿದು ಬಿಟ್ಟುಹೋದವನೂ ತಿಳಿಯದೆ ತಿರುಗಿದವನೂ ಕಾನೂನಿಗೆ ಒಂದೇ ಅಲ್ಲ" ಎಂದು ಕ್ಯಾಪ್ಟನ್‌ಗೆ ಏಳು ವರ್ಷ ಜೈಲು ವಿಧಿಸಿದರು. ಪ್ರತೀಕರ ಮೇಲೆ ಯಾವ ಆರೋಪವೂ ಇಲ್ಲವೆಂದರು.

ಹೊರಗೆ ಜಗಲಿಯಲ್ಲಿ ರಜತನ ಹೆಂಡತಿ ಶ್ರಾವ್ಯ ನಿಂತಿದ್ದಳು. ಪ್ರತೀಕ ಕೈಮುಗಿದರು.

"ಕಾನೂನಿಗೆ ಒಂದೇ ಅಲ್ಲ ಅಂದ್ರ್, ಭಾವ" ಎಂದಳು ಅವಳು. "ಕ್ಯಾನ್ ಹಿಡ್ಕಂಡ್ ನಿಮ್ಮ ಇಂಜಿನ್ ಶಬ್ದ ಕೇಂತಾ ಇದ್ದಿದ್ರಲೆ, ಅವ್ರಿಗೆ ಎರಡೂ ಒಂದೇ ಅಲ್ದಾ?"

ಇಂಥ ಯಂತ್ರ ನಮ್ಮ ಕಾಲದಲ್ಲಿನ್ನೂ ಇಲ್ಲ. ದೋಣಿ ಕಾಣೆಯಾದರೆ ಯಾವುದೋ ಹಡಗು ಬಡಿದಿರಬೇಕೆಂದು ಮಾತಾಡಿಕೊಂಡು ಸುಮ್ಮನಾಗುತ್ತೇವೆ. ದಡದಲ್ಲಿ ಕುಳಿತ ಅಣ್ಣಂದಿರು ಆ ಗುರುತಿಲ್ಲದ ಹಡಗನ್ನು ಸಾಯುವವರೆಗೂ ಬೈದುಕೊಳ್ಳುತ್ತಾರೆ. ಆ ದಿನ ತಾವೆಷ್ಟು ಹತ್ತಿರದಲ್ಲಿದ್ದೆವೆಂದು ಅವರಿಗೆ ಯಾರೂ ಹೇಳುವುದಿಲ್ಲ.