ಮುಂಬಾಗಿಲಿಂದ ಬಂದ ಸೊಸೆ

"ಆ ಲಂಗ ಉಟ್ಕೊಂಡು ಅರಮನೆಗೆ ಹೋಗ್ತೀಯೇನೇ? ನನ್ನ ಹೆಣ ದಾಟ್ಕೊಂಡು ಹೋಗು!"

ದೋನ್ಯಾ ಎರ್ಮಿನಿಯಾ ಬಾಗಿಲಿಗೆ ಅಡ್ಡ ನಿಂತಿದ್ದರು. ಕೈಯಲ್ಲಿ ಇಸ್ತ್ರಿ ಮಾಡಿದ ಬೂದು ಬಣ್ಣದ ಕೋಟು, ಸ್ಕರ್ಟು. ಎದುರಿಗೆ ಸೊಸೆ ಕಾಸಿಲ್ದಾ. ಮೈಮೇಲೆ ಅವಳ ತಾಯಿ ಲಾ ಪಾಸ್‌ನ ಸಂತೆಯಲ್ಲಿ ಆಲೂಗಡ್ಡೆ ಮಾರುವಾಗ ಉಡುತ್ತಿದ್ದ ನೇರಳೆ ಬಣ್ಣದ ನೆರಿಗೆ ಲಂಗ, ತಲೆಯ ಮೇಲೆ ದುಂಡು ಟೋಪಿ. ದೇಶದ ಅಧ್ಯಕ್ಷ ಹಿಂದಿನ ದಿನವಷ್ಟೇ ವಿಮಾನ ಹತ್ತಿ ಓಡಿಹೋಗಿದ್ದ. ಸಂಸತ್ತಿನ ಸಭಾಧ್ಯಕ್ಷೆಯಾಗಿದ್ದ ಕಾಸಿಲ್ದಾಳೇ ಇನ್ನು, ಚುನಾವಣೆ ಮುಗಿಯುವ ತನಕ, ಬೊಲಿವಿಯಾದ ಅಧ್ಯಕ್ಷೆ!

ಮದುವೆಯ ದಿನ ಆ ಲಂಗ ಬಿಚ್ಚಿಸಿ ಪೆಟ್ಟಿಗೆಗೆ ಹಾಕಿಸಿದವರು ಇದೇ ಅತ್ತೆ. "ಮಂತ್ರಿಯ ಮನೆ ಇದು" ಎಂದಿದ್ದರು. ಅವರ ಗಂಡ ಒಂದು ಕಾಲದಲ್ಲಿ ಮಂತ್ರಿ, ನಿಜ. ಆದರೆ ಅವಧಿ ಮುಗಿದರೂ ಕುರ್ಚಿ ಬಿಡದೆ, ಜನ ಮುತ್ತಿಗೆ ಹಾಕಿದಾಗ ಅಡುಗೆಯವನ ಅಂಗಿ ತೊಟ್ಟು ಅಧ್ಯಕ್ಷರ ಅರಮನೆಯ ಹಿಂಬಾಗಿಲಿಂದ ಪಾರಾದ ಮಂತ್ರಿ! ಬೀದಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಮನೆಯೊಳಗೆ ಮಾತ್ರ ಯಾರೂ ಎತ್ತುವಂತಿರಲಿಲ್ಲ.

"ಇಷ್ಟು ವರ್ಷ ನೀವು ಹೇಳಿದ್ದು ಉಟ್ಟೆ, ಅತ್ತೆ. ಇವತ್ತು ನಮ್ಮಮ್ಮನದು ಉಡ್ತೀನಿ" ಎಂದವಳೇ ಕಾಸಿಲ್ದಾ ಪಕ್ಕಕ್ಕೆ ಸರಿದು ಹೊರಟುಬಿಟ್ಟಳು.

ಬೀದಿಯ ಹೆಂಗಸರೆಲ್ಲ ಓಡಿಬಂದು ಅವಳ ತಲೆಯ ಮೇಲೆ ಮಿಸ್ತೂರಾ ಸುರಿದರು. ಬಣ್ಣದ ಕಾಗದದ ಚೂರುಗಳೇ ಆದರೂ ಗೌರವಕ್ಕೆ ಅರ್ಹರಾದವರಿಗಷ್ಟೇ ಸಲ್ಲುವಂಥದ್ದು ಅದು. ಮೊದಲ ಹಿಡಿ ಮನೆಯ ಹಿರಿಯರದ್ದಾಗಬೇಕಿತ್ತು. ಅತ್ತೆಯ ಕೈ ಮೇಲೇಳಲೇ ಇಲ್ಲ...

ಆಮೇಲೆ ನೋಡಬೇಕಿತ್ತು ಆ ಮಹಾತಾಯಿಯನ್ನು! "ಅಧ್ಯಕ್ಷೆಯ ಅತ್ತೆ ಬಂದರು" ಎಂದು ಹೇಳಿಸಿಕೊಳ್ಳದೆ ಸಂತೆಯಲ್ಲಿ ಒಂದು ಈರುಳ್ಳಿಯನ್ನೂ ಕೊಳ್ಳುತ್ತಿರಲಿಲ್ಲ. ಚುನಾವಣೆ ಹತ್ತಿರವಾದಾಗ ಸೇನಾಪತಿಯೊಬ್ಬ ಭಾನುವಾರದ ಊಟಕ್ಕೆ ಬಂದ. ಕಡಲೆಕಾಯಿ ಸೂಪನ್ನು ಎರಡೆರಡು ಸಲ ಹಾಕಿಸಿಕೊಂಡು ಕುಡಿದು, ಮೆಲ್ಲಗೆ ಬಾಯಿಬಿಟ್ಟ.

"ಚುನಾವಣೆ ಮುಂದಕ್ಕೆ ಹಾಕಿ, ಮೇಡಂ. ಸೈನ್ಯ ನಿಮ್ಮ ಹಿಂದಿದೆ."

"ನನ್ನ ಹಿಂದೆ ಯಾಕೆ ಸ್ವಾಮಿ? ಗಡಿಯಲ್ಲಿರಲಿ" ಎಂದಳು ಕಾಸಿಲ್ದಾ.

ಅವನು ಮೀಸೆ ಒರೆಸಿಕೊಂಡು ಹೋದದ್ದೇ ತಡ, ಅತ್ತೆ ಸಿಡಿದರು. "ತಲೆ ಕೆಟ್ಟಿದೆಯೇನೇ? ತಾನಾಗಿ ಬಂದಿದ್ದನ್ನ ಒದೀತಾರಾ? ಕುರ್ಚಿ ಬಿಟ್ಟು ಬಂದ್ರೆ ಈ ಮನೆ ಹೊಸ್ತಿಲು ತುಳೀಬೇಡ!"

ಕಾಸಿಲ್ದಾಳ ಗಂಡ ಎವಾರಿಸ್ತೊ, ಪಾಪ, ಭೂಗೋಳದ ಮೇಷ್ಟ್ರು, ಬಟ್ಟಲಿನಿಂದ ತಲೆ ಎತ್ತಲಿಲ್ಲ. ಕಾಸಿಲ್ದಾಳ ಕಣ್ಣು ತುಂಬಿತು.

"ಅತ್ತೆ... ಅರಮನೆಯ ಮುಂಬಾಗಿಲಿಂದ ಒಳಗೆ ಹೋದೆ, ಮುಂಬಾಗಿಲಿಂದಲೇ ಹೊರಗೆ ಬರ್ತೀನಿ. ನಿಮ್ಮ ಮೊಮ್ಮಕ್ಕಳು ಯಾರೆದುರೂ ತಲೆ ತಗ್ಗಿಸಬಾರದು..."

ಎರ್ಮಿನಿಯಾರ ಮುಖ ಬಿಳಿಚಿಕೊಂಡಿತು. ಎದ್ದುಹೋಗಿ ಕೋಣೆಯ ಕದ ಹಾಕಿಕೊಂಡರು.

ಹೇಳಿದ ದಿನಕ್ಕೇ ಚುನಾವಣೆ ನಡೆಯಿತು. ಗೆದ್ದವನ ಹೆಗಲಿಗೆ ಅಧ್ಯಕ್ಷ ಪದವಿಯ ಮೂರು ಬಣ್ಣದ ಪಟ್ಟಿ ತೊಡಿಸಿ, ಕಾರು ಬೇಡವೆಂದು, ಅದೇ ನೇರಳೆ ಲಂಗದಲ್ಲಿ ಕಾಸಿಲ್ದಾ ಅರಮನೆಯ ಮುಂಬಾಗಿಲಿಂದ ಇಳಿದುಬಂದಳು. ಚೌಕದಲ್ಲಿ ಕಿಕ್ಕಿರಿದ ಜನ. ಎದೆಯಲ್ಲಿ ಹೆಮ್ಮೆಯೇನೋ ಇತ್ತು, ಆದರೆ ಹೋಗುವುದೆಲ್ಲಿಗೆ? ಅತ್ತೆಯ ಮನೆ ಬಾಗಿಲು ಮುಚ್ಚಿತ್ತಲ್ಲ!

"ನಿಲ್ಲೇ!"

ಗುಂಪನ್ನು ಸೀಳಿಕೊಂಡು, ಮಗನ ತೋಳು ಹಿಡಿದು, ದೋನ್ಯಾ ಎರ್ಮಿನಿಯಾ ಬರುತ್ತಿದ್ದರು. ಇನ್ನೊಂದು ಕೈಯಲ್ಲಿ ಮಿಸ್ತೂರಾ ಪೊಟ್ಟಣ.

"ಟೋಪಿ ತೆಗಿ. ತಲೆ ಮೇಲೆ ಬೀಳಬೇಕು."

"ಅತ್ತೆ, ನಾನೀಗ ಅಧ್ಯಕ್ಷೆ ಅಲ್ಲ..."

"ಅಧ್ಯಕ್ಷೆಗಲ್ಲ ಕಣೇ, ನನ್ನ ಸೊಸೆಗೆ!" ಅತ್ತೆ ತಾವೇ ಅವಳ ಟೋಪಿ ತೆಗೆದು ಮಗನ ಕೈಗಿತ್ತರು. "ನಿಮ್ಮ ಮಾವ ಓಡಿಬಂದಾಗ ಆ ಹಿಂಬಾಗಿಲಲ್ಲಿ ಮುಖ ಮುಚ್ಕೊಂಡು ಕಾದಿದ್ದವಳು ನಾನೇ... ಇವತ್ತು ಮುಂದೆ ನಿಂತು ಕಾಯೋ ಹಾಗೆ ಮಾಡಿದೆಯಲ್ಲೇ, ಮಗಳೇ!"

ಮುದುಕಿಯ ಬೆರಳುಗಳಿಂದ ಬಣ್ಣದ ಚೂರುಗಳು ಉದುರಿದವು. ಪೊಟ್ಟಣ ಖಾಲಿಯಾದ ಮೇಲೂ ಅತ್ತೆಯ ಕೈ ಸೊಸೆಯ ತಲೆಯ ಮೇಲೆಯೇ ಇತ್ತು.