ಕೋಟಿನೊಳಗಿನ ಹೊಲಿಗೆ

ಸೋದರತ್ತೆ ತಮ್ಮ ಕೋಟಿನ ಲೈನಿಂಗನ್ನು ಒಂದು ತುದಿಯಲ್ಲಿ ಕತ್ತರಿಸಿ ಕೈ ಹಾಕಿದರು. ಬಂದದ್ದು ಒಂದು ತುಂಡು ರಟ್ಟು. ಪಾಸ್‌ಪೋರ್ಟ್ ಮಾಯ.

ಗಂಟೆ ಹತ್ತೂವರೆ. ಹನ್ನೊಂದಕ್ಕೆ ಕೈಹೊಲಿಗೆ ಸ್ಪರ್ಧೆ. ಪಾಸ್‌ಪೋರ್ಟ್ ತೋರಿಸದೆ ಬಿಡುವುದಿಲ್ಲವೆಂದು ಬಾಗಿಲ ಕಾವಲುಗಾರ ಖಡಾಖಂಡಿತವಾಗಿ ಹೇಳಿದ್ದ. ನಲವತ್ತು ವರ್ಷ ಟೈಲರ್ ಅಂಗಡಿಯಲ್ಲಿ ಬೆನ್ನು ಬಗ್ಗಿಸಿದ ಅತ್ತೆಗೆ ಹೊರದೇಶದಿಂದ ಬಂದ ಮೊದಲ ಕರೆ ಇದು.

"ಹೋಟೆಲ್ ಸೇರಿದ ಕೂಡಲೇ ಪಾಸ್‌ಪೋರ್ಟ್ ಕೋಟಿನೊಳಗೆ ಹೊಲಿದುಬಿಡಿ. ಅಲ್ಲಿನ ಚಳಿಗೆ ಕೋಟು ಮೈಮೇಲಿಂದ ಇಳಿಯೋದೇ ಇಲ್ಲ" ಎಂದು ಊರಲ್ಲೇ ಬುದ್ಧಿ ಹೇಳಿದ್ದವಳು ಜರಿ ಅಕ್ಕ. ಜರಿ ಕಸೂತಿಗೆ ಹೆಸರಾದವಳು, ನಮ್ಮ ಜೊತೆ ಬಂದ ಇನ್ನೊಬ್ಬ ಸ್ಪರ್ಧಿ. ಎರಡು ಸಲ ಫಾರಿನ್ ನೋಡಿದವಳು, ಅವಳ ಮಾತು ನಮಗೆ ವೇದವಾಕ್ಯ. ಇಲ್ಲಿ ಬಂದರೆ ಎಲ್ಲಾ ಉಲ್ಟಾ. ಯಾವ ಕಟ್ಟಡಕ್ಕೆ ಹೋದರೂ ಬಾಗಿಲಲ್ಲೇ ಕೋಟು ಬಿಚ್ಚಿ, ಕೌಂಟರಿಗೆ ಕೊಟ್ಟು, ಟೋಕನ್ ತೆಗೆದುಕೊಳ್ಳಬೇಕು. ನಿನ್ನೆ ಜಾಗ ನೋಡಲು ಬಂದಾಗ ಇಲ್ಲೂ ಹಾಗೇ ಕೊಟ್ಟಿದ್ದೆವು.

"ಕೌಂಟರಿನವನದ್ದೇ ಕೈಚಳಕ" ಎಂದೆ.

"ಮತ್ತಿನ್ಯಾರು?" ಎಂದಳು ಜರಿ ಅಕ್ಕ. "ಹೋಗ್ಲಿ ಬಿಡಿ ದೊಡ್ಡಕ್ಕ. ಮುಂದಿನ ವರ್ಷ ಬಂದ್ರಾಯ್ತು."

ಅತ್ತೆ ಅವಳ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಕಿಟಕಿಯ ಬೆಳಕಿಗೆ ಲೈನಿಂಗ್ ಹಿಡಿದು ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ.

* * *

"ನಿನ್ನೆ ನಮ್ಮ ಕೋಟು ಯಾರು ಬಿಡಿಸ್ಕೊಂಡ್ರು ಅಂತ ಕೇಳು" ಎಂದರು ಅತ್ತೆ.

ಕೇಳಿದೆ. ಕೌಂಟರಿನವನು ಜರಿ ಅಕ್ಕನತ್ತ ಬೆರಳು ತೋರಿಸಿದ.

ನಿಜವೇ. 'ನೀವು ಕೂತಿರಿ' ಎಂದು ಮೂರೂ ಟೋಕನ್ ಇಸಿದುಕೊಂಡು ಹೋದವಳು ಬಂದದ್ದು ಅರ್ಧ ಗಂಟೆಯ ಮೇಲೆ. ಉದ್ದ ಕ್ಯೂ ಇತ್ತು ಎಂದಿದ್ದಳು.

"ಕ್ಯೂ ಇತ್ತಾ?" ಎಂದು ಕೌಂಟರಿನವನನ್ನು ಕೇಳಿದೆ.

ನೊಣ ಹೊಡೀತಾ ಕೂತಿದ್ದೆ ಎಂಬರ್ಥದಲ್ಲಿ ಅವನು ನಕ್ಕ.

* * *

"ಕಳ್ಳ ಆಗಿದ್ರೆ ಹರಿದು ತಗೊಂಡು ಹೋಗ್ತಿದ್ದ" ಎಂದರು ಅತ್ತೆ. "ಇಲ್ಲಿ ರಟ್ಟು ಇಟ್ಟು ವಾಪಸ್ ಹೊಲಿದಿದ್ದಾರೆ. ಇವತ್ತು ಬಾಗಿಲಿಗೆ ಬರೋವರೆಗೂ ಗೊತ್ತಾಗಬಾರದು ಅಂತ. ನಾನು ಹಾಕಿದ್ದು ಅವಸರದ ಹೊಲಿಗೆ, ಸೊಟ್ಟಸೊಟ್ಟ. ಇದು ನೋಡು, ದಾರವೇ ಕಾಣಲ್ಲ. ಕಣ್ಣಿಗೆ ಹತ್ತಿರ ಹಿಡಿದ್ರೆ, ಹೊಲಿಗೆಯ ಓರೆ ಉಲ್ಟಾ ಕಡೆಗೆ ಬಿದ್ದಿದೆ. ಎಡಗೈಯವರದು."

ಜರಿ ಅಕ್ಕ ಎಡಗೈಯನ್ನು ಸೆರಗಿನೊಳಗೆ ಸರಿಸಿದಳು.

"ನಮಗೆ ಕೋಟಲ್ಲಿಡಿ ಅಂದೋಳು ಈಗ ಬಾಗಿಲಲ್ಲಿ ನಿಂದು ಕೈಚೀಲದಿಂದ ತೆಗೆದು ತೋರಿಸ್ದೆ. ಅದೂ ಹೋಗ್ಲಿ. ನನ್ನ ಹಾಗೇ ಸೊಟ್ಟ ಹೊಲಿದಿದ್ರೆ ಸಿಕ್ಕಿಬೀಳ್ತಿರಲಿಲ್ಲ. ಕೈ ಒಪ್ಪಲಿಲ್ಲ, ಅಲ್ವೇನೇ?"

ಅವಳು ತನ್ನ ದಾರದ ಡಬ್ಬಿ ತೆರೆದಳು. ತಳದಲ್ಲಿ ಅತ್ತೆಯ ಪಾಸ್‌ಪೋರ್ಟ್ ಇತ್ತು.

"ನೀವು ಕೂತ್ರೆ ನಾನು ಗೆಲ್ಲಲ್ಲ ದೊಡ್ಡಕ್ಕ."

"ಹುಚ್ಚಿ. ಈ ಹೊಲಿಗೆ ನಂಗೆ ಬರಲ್ಲ ಕಣೇ."

ಅತ್ತೆ ಪಾಸ್‌ಪೋರ್ಟ್ ತೋರಿಸಿ ಒಳಗೆ ನಡೆದರು. ಯಾರೂ ತಡೆಯದಿದ್ದರೂ ಜರಿ ಅಕ್ಕ ಹೊರಗೇ ನಿಂತಳು.

ಆ ಕೋಟು ಈಗ ಅತ್ತೆಯ ಅಂಗಡಿಯಲ್ಲಿದೆ. ಬಿಚ್ಚದೆ ಉಳಿದ ಒಂದು ಗೇಣು ಹೊಲಿಗೆಯನ್ನು ಕಲಿಯಲು ಬಂದವರಿಗೆಲ್ಲ ತೋರಿಸುತ್ತಾರೆ. ಯಾರದ್ದೆಂದು ಕೇಳಿದರೆ ಹೇಳುವುದಿಲ್ಲ.