ದೌಂಡದಿಂದ ಬಂದವನ ನೀಲಿ ಫೈಲು

ಅವಲಕ್ಕಿಯ ಟ್ರೇ ಹಿಡಿದು ಪಡಸಾಲೆಗೆ ಬಂದ ಸಪ್ನಾ ತಲೆ ಎತ್ತಿದಳು. ಅಷ್ಟೇ... ನಿಂತಲ್ಲೇ ನಿಂತುಬಿಟ್ಟಳು!

ಸೋಫಾದ ಮೇಲೆ ಕುಳಿತಿದ್ದವನು ಅವಳನ್ನು ನೋಡಲು ಬರಬೇಕಿದ್ದ ರೈಲ್ವೆ ಗುಮಾಸ್ತನಲ್ಲ. ಶಿವರಾಜ! ತೊಡೆಯ ಮೇಲೆ ಅದೇ ನೀಲಿ ಫೈಲು.

'ಅಯ್ಯೋ ದೇವರ... ಇವತ್ತ ಬರಬೇಕಿತ್ತೇನು ಇವರು?'

ಮಗಳು ಎಂ.ಕಾಂ. ಮುಗಿಸಿ ಬ್ಯಾಂಕು ಸೇರುತ್ತಾಳೆಂದು ರವಿವಾರ ಪೇಠದ ಬಟ್ಟೆ ವ್ಯಾಪಾರಿ ಮುರುಗೆಪ್ಪ ಪುಣೆಗೆಲ್ಲ ಹೇಳಿಕೊಂಡಿದ್ದರು. ಮಗಳು ಓದುತ್ತಿದ್ದದ್ದು ಮಾತ್ರ ಎಂ.ಎಸ್.ಡಬ್ಲ್ಯು., ಸಮಾಜಕಾರ್ಯ! ಒಂದು ಸುಳ್ಳು ಮುಚ್ಚಲು ದಿನಕ್ಕೊಂದು ಸುಳ್ಳು. ಹೀಗೇ ಎರಡು ವರ್ಷ ಕಳೆದು 2002 ಬಂದಿತ್ತು.

ಶಿವರಾಜ ಅದೇ ಕೋರ್ಸ್ ಮುಗಿಸಿದ್ದ; ಮನೆ ಬಿಟ್ಟು ಓಡಿಬಂದು ಪುಣೆ ಬಳಿಯ ದೌಂಡ ಸ್ಟೇಷನ್ನಿನಲ್ಲಿ ಇಳಿಯುವ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯಲ್ಲಿದ್ದ. ಪ್ರತಿ ಶುಕ್ರವಾರ ಕಾಲೇಜಿನ ಉದ್ಯೋಗ ಮಾಹಿತಿ ಕೋಣೆಗೆ ಬಂದು, ಯಾವ ಸಂಸ್ಥೆಯಲ್ಲಿ ಯಾವ ಕೆಲಸ, ಅರ್ಜಿ ಬರೆಯುವುದು ಹೇಗೆ ಎಂದು ಕಿರಿಯರಿಗೆ ಹೇಳಿಕೊಡುತ್ತಿದ್ದ. ಸಪ್ನಾ ಅಲ್ಲಿಗೆ ಅರ್ಧ ಮಾಹಿತಿಗಾಗಿ ಹೋಗುತ್ತಿದ್ದಳು. ಇನ್ನರ್ಧ... ಅದನ್ನು ನಾನೇಕೆ ಹೇಳಲಿ!

ಅವನ ಸಂಸ್ಥೆಗೇ ಅರ್ಜಿ ಹಾಕಿದ್ದಳು; ಅದು ಅವನ ನೀಲಿ ಫೈಲು ಸೇರಿತ್ತು. ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು, ಹೇಳದೆ ಕೇಳದೆ ಮನೆಗೆ ಹೋಗಿ ಹಿರಿಯರ ಸಹಿ ಪಡೆಯುವುದು ಅಲ್ಲಿನ ನಿಯಮ. ಹಾಗಾಗಿ ತಿಂಗಳಿಡೀ ಬಾಗಿಲ ಗಂಟೆ ಬಾರಿಸಿದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತಿತ್ತು.

ಇಂದು ಹನ್ನೊಂದಕ್ಕೆ, ಮಧ್ಯಸ್ಥ ಸಿದ್ದಲಿಂಗಪ್ಪ ಹುಡುಕಿದ್ದ ದೌಂಡದ ವರ ಬರುವವನಿದ್ದ. ಹತ್ತೂವರೆಗೇ ಒಬ್ಬ ಬಾಗಿಲಲ್ಲಿ ನಿಂತು, "ದೌಂಡದಿಂದ ಬಂದೀನ್ರಿ, ಸಪ್ನಾ ಅವರ ಮನಿ ಇದೇ ಏನ್ರಿ?" ಎಂದಿದ್ದೇ ತಡ, ಮುರುಗೆಪ್ಪ ಅವನನ್ನು ಕೈಹಿಡಿದು ಕೂರಿಸಿದ್ದರು!

"ನಾಚಬ್ಯಾಡ್ರಿ. ಹುಡುಗಿಗೆ ಏನರ ಕೇಳೂದಿದ್ರ ಕೇಳ್ರಿ," ಎಂದರು ಈಗ.

ಶಿವರಾಜ ಅವಳ ಸೀರೆ ನೋಡಿದ, ಮುಡಿಯ ಮಲ್ಲಿಗೆ ನೋಡಿದ. ಅವನ ಮುಖ ಬಾಡಿತು. ಆಮೇಲೆ ಗಡಗಡ ನಡುಗುತ್ತಿದ್ದ ಟ್ರೇ ಕಂಡಿತು. ಫೈಲನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿ ಎದ್ದು ನಿಂತ.

"ತಪ್ಪ ತಿಳ್ಕೋಬ್ಯಾಡ್ರಿ ಯಜಮಾನ್ರ... ನಾ ಬ್ಯಾರೆ ಸಪ್ನಾ ಅವರ ಮನಿ ಹುಡುಕ್ಲಿಕತ್ತಿದ್ದೆ."

ಸಪ್ನಾಳಿಗೆ ಹೋದ ಉಸಿರು ಬಂತು. ಉಳಿದೆ!

ಆದರೆ ಅವನು ಚಪ್ಪಲಿ ಮೆಟ್ಟುತ್ತಿದ್ದ. ಹೊಸ್ತಿಲು ದಾಟಿದನೆಂದರೆ ದೌಂಡವೂ ಇಲ್ಲ, ಆ ಮಕ್ಕಳೂ ಇಲ್ಲ, ಅವನೂ ಇಲ್ಲ. ಅರ್ಧ ಗಂಟೆಯಲ್ಲಿ ಗುಮಾಸ್ತ ಬಂದು ಈ ಅವಲಕ್ಕಿ ತಿನ್ನುತ್ತಾನೆ...

"ಅಪ್ಪಾ! ಅವರು ತಪ್ಪ ಮನಿಗೆ ಬಂದಿಲ್ಲ!"

ಹೇಳಿದ್ದು ತಾನೇನಾ? ಬಾಯಿ ನಿಲ್ಲಲೇ ಇಲ್ಲ. ಎಂ.ಕಾಂ. ಸುಳ್ಳು, ಕೋರ್ಸು, ಅರ್ಜಿ... ಎಲ್ಲವನ್ನೂ ಹೇಳಿಬಿಟ್ಟಳು.

ಮುರುಗೆಪ್ಪ ಬೈಯಲಿಲ್ಲ; ಮೆಲ್ಲಗೆ ಸೋಫಾದ ಮೇಲೆ ಕುಳಿತರು. ಬೈದಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಎರಡು ವರ್ಷ..." ಎಂದರು ಕೊನೆಗೆ. "ನಿಮ್ಮಪ್ಪಗ ಹೇಳಾಕ ಅಷ್ಟ ಅಂಜಿಕಿ ಆಗಿತ್ತೇನವಾ?"

"ಕಾಲೇಜ್ ಬಿಡಸ್ತಿ ಅಂತ ಅಂಜಿದ್ದೆ ಅಪ್ಪಾ..."

"ಬಿಡಸ್ತಿದ್ದೆ. ಖರೆ ಅದ." ಅವರ ದನಿ ಕುಗ್ಗಿತ್ತು. ಶಿವರಾಜನ ಕಡೆ ತಿರುಗಿದರು. "ಅಲ್ಲಿ ಹೆಣ್ಣುಮಕ್ಕಳು ಎಲ್ಲಿರ್ತಾರ?"

"ಮೂರು ಮಂದಿ ಅಕ್ಕಾರು ಕೂಡಿ ಒಂದ ಮನ್ಯಾಗ ಇರ್ತಾರ್ರಿ. ನೀವ ಬಂದು ನೋಡ್ರಿ."

"ನೋಡೇ ಸಹಿ ಹಾಕ್ತೀನಿ. ನೋಡದ ಹಾಕೂದಿಲ್ಲ!" ಎಂದವರೇ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೂಗಿದರು: "ಕಲ್ಲವ್ವಾ, ಸಿದ್ದಲಿಂಗಪ್ಪಗ ಫೋನ್ ಮಾಡು. ಇವತ್ತ ಯಾರೂ ಬರೂದು ಬ್ಯಾಡಂತ ಹೇಳು." ಬಳಿಕ ಮಗಳ ಮುಖ ನೋಡದೆ, "ಅವಲಕ್ಕಿ ಆರಿ ಹೋದ್ವು. ಕೊಡು ಅವರಿಗೆ," ಎಂದರು.

ಬೀಳ್ಕೊಡುವಾಗ ಮೆಟ್ಟಿಲ ಬಳಿ ಸಪ್ನಾ ಕೇಳಿದಳು.

"ಯಾಕ ಸುಳ್ಳ ಹೇಳಿದ್ರಿ?"

"ನಿಮ್ಮ ಕೈ ನಡಗೂದು ನೋಡ್ಲಿಕ್ಕೆ ಆಗ್ಲಿಲ್ಲ. ಮತ್ತ... ಆ ಅವಲಕ್ಕಿ ನನ್ನ ಸಲುವಾಗಿ ಮಾಡಿದ್ದಲ್ಲ ಅಂತ ತಿಳಿದ ಮ್ಯಾಲ ಅಲ್ಲಿ ಕೂಡ್ಲಿಕ್ಕೂ ಆಗ್ಲಿಲ್ಲ, ಸಪ್ನಾ."

ಅವಳ ಕಣ್ಣು ತುಂಬಿದವು.

"ಸಹಿ ಆದ ಮ್ಯಾಲ ಇನ್ನೊಮ್ಮೆ ಬರ್ರಿ," ಎಂದಳು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ. "ಫೈಲ್ ಬಿಟ್ಟು."

ಶಿವರಾಜ ಬಾಗಿಲ ಕಡೆ ನೋಡಿದ. "ನಿಮ್ಮ ಅಪ್ಪ ಏನಂತಾರೋ... ಭಾಳ ಅಂಜಿಕಿ ಆಗ್ತದ."

"ಅಂಜಬ್ಯಾಡ್ರಿ. ನಾ ಟ್ರೇ ಹಿಡ್ಕೊಂಡು ಅಲ್ಲೇ ನಿಂತಿರ್ತೀನಿ."